ಪ್ಲಗ್‌ನಲ್ಲಿ ಕಿಡಿ ಬಂದರೆ ಹಳೆಯ ಬೈಕಿನ ಇಗ್ನಿಷನ್ ಸರಿಯಾಗಿದೆ ಎಂದರ್ಥವೇ?

ಮನೆಯ ಹಿಂದೆ ವರ್ಷಗಟ್ಟಲೆ ನಿಂತಿದ್ದ ಅಪ್ಪನ ಯೆಜ್ದಿಯನ್ನು ಹೊರಗೆ ತಂದು ಕಿಕ್ ಹೊಡೆಯುತ್ತೀರಿ. ಸ್ಟಾರ್ಟ್ ಆಗುವುದಿಲ್ಲ. ನೋಡಲು ಬಂದವರು ಪ್ಲಗ್ ಬಿಚ್ಚಿ, ಎಂಜಿನ್ನಿಗೆ ತಾಗಿಸಿ ಹಿಡಿದು ಮತ್ತೆ ಕಿಕ್ ಹೊಡೆಸುತ್ತಾರೆ. ಚಟ್ ಎಂದು ಕಿಡಿ ಹಾರುತ್ತದೆ. "ಕರೆಂಟ್ ಸರಿಯಾಗಿದೆ, ಎಂಜಿನ್ನೇ ಹೋಗಿದೆ" ಎಂಬ ತೀರ್ಪು ಬರುತ್ತದೆ. ಎಂಜಿನ್ ಕೆಲಸದ ಖರ್ಚು ಕೇಳಿ, ಗಾಡಿ ಗುಜರಿಗೆ ಹೋದರೂ ಆಶ್ಚರ್ಯವಿಲ್ಲ. ಆದರೆ ಈ ತೀರ್ಪನ್ನು ನಂಬಬಹುದೇ?

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ದಿ ಬೈಕುಗಳು ಇಂದಿಗೂ ನಮ್ಮ ರಸ್ತೆಗಳಲ್ಲಿವೆ. ಇವುಗಳಲ್ಲಿ ಬಹುಪಾಲಿನಲ್ಲಿರುವುದು ಪಾಯಿಂಟ್ ಇಗ್ನಿಷನ್. ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1910ರ ಹೊತ್ತಿಗೆ ಕಾರುಗಳಿಗೆ ರೂಪಿಸಿದ ವಿಧಾನವೇ ಇದರ ಮೂಲ.

ಕಿಡಿ ಹುಟ್ಟುವುದು ಹೇಗೆ?

ಬ್ಯಾಟರಿಯಲ್ಲಿರುವುದು ಬರೀ 6 ವೋಲ್ಟ್. ಪ್ಲಗ್‌ಗೆ ಬೇಕಾದದ್ದು ಸಾವಿರಾರು ವೋಲ್ಟ್. ಪಾಯಿಂಟ್‌ಗಳು ಕೂಡಿಕೊಂಡಿರುವಾಗ ಇಗ್ನಿಷನ್ ಕಾಯಿಲ್‌ನಲ್ಲಿ ವಿದ್ಯುತ್ ಹರಿದು ಕಾಂತಕ್ಷೇತ್ರ ಬೆಳೆಯುತ್ತದೆ. ಕ್ಯಾಮ್ ತಿರುಗಿ ಪಾಯಿಂಟ್ ತೆರೆದ ಕೂಡಲೇ ಆ ಕಾಂತಕ್ಷೇತ್ರ ಕುಸಿಯುತ್ತದೆ. ಆಗ ಕಾಯಿಲ್‌ನ ಸಾವಿರಾರು ಸುತ್ತಿನ ತೆಳು ತಂತಿಯಲ್ಲಿ ಭಾರೀ ವೋಲ್ಟೇಜ್ ಹುಟ್ಟಿ, ಪ್ಲಗ್‌ನ ತುದಿಯಲ್ಲಿ ಕಿಡಿಯಾಗುತ್ತದೆ.

ಈ ಕುಸಿತ ಎಷ್ಟು ವೇಗವಾಗಿರುತ್ತದೋ ಕಿಡಿ ಅಷ್ಟು ಬಲವಾಗಿರುತ್ತದೆ. ಅದಕ್ಕೆ ನೆರವಾಗುವುದು ಕಂಡೆನ್ಸರ್ ಎಂಬ ಪುಟ್ಟ ಡಬ್ಬಿ. ಪಾಯಿಂಟ್ ತೆರೆಯುವಾಗ ಅಲ್ಲೇ ಕಿಡಿ ಹಾರಿ ಶಕ್ತಿ ವ್ಯರ್ಥವಾಗದಂತೆ ಅದು ತಡೆಯುತ್ತದೆ. ಟೂ-ಸ್ಟ್ರೋಕ್ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಇದೆಲ್ಲ ಸೆಕೆಂಡಿಗೆ 50 ಬಾರಿ ನಡೆಯಬೇಕು.

ಹೊರಗೆ ಬಂದ ಕಿಡಿ ಒಳಗೇಕೆ ಬರುವುದಿಲ್ಲ?

ಹೊರಗಿನ ಗಾಳಿಯಲ್ಲಿ ಕಿಡಿ ಹಾರುವುದು ಸುಲಭ. ಸಿಲಿಂಡರ್‌ನೊಳಗೆ ಪಿಸ್ಟನ್ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಒತ್ತಿ ದಟ್ಟವಾಗಿಸಿರುತ್ತದೆ. ಒತ್ತಡ ಹೆಚ್ಚಿದಷ್ಟೂ ಅದೇ ಅಂತರವನ್ನು ದಾಟಲು ಹೆಚ್ಚು ವೋಲ್ಟೇಜ್ ಬೇಕು. ಕಂಡೆನ್ಸರ್ ಅಥವಾ ಕಾಯಿಲ್ ಬಲ ಕಳೆದುಕೊಂಡಿದ್ದರೆ ಹೊರಗೆ ಕಂಡ ಕಿಡಿ ಒಳಗೆ ಬಾರದೇ ಹೋಗಬಹುದು. ಕಾಯಿಲ್ ತಣ್ಣಗಿದ್ದಾಗ ಚೆನ್ನಾಗಿದ್ದು, ಬಿಸಿಯಾದ ಮೇಲೆ ಕೈಕೊಡುವುದೂ ಉಂಟು.

ಅಂದರೆ ಹೊರಗೆ ಕಿಡಿ ಬಾರದಿದ್ದರೆ ದೋಷವಿದೆ ಎನ್ನಬಹುದು. ಬಂದರೆ ಎಲ್ಲವೂ ಸರಿಯಿದೆ ಎನ್ನಲಾಗದು.

ಇನ್ನಷ್ಟು ತಪ್ಪು ನಂಬಿಕೆಗಳು

*ಪ್ಲಗ್ ಗ್ಯಾಪ್ ದೊಡ್ಡದು ಮಾಡಿದರೆ ಮೈಲೇಜ್ ಹೆಚ್ಚುತ್ತದೆ:* ಗ್ಯಾಪ್ ಹೆಚ್ಚಿದರೆ ಬೇಕಾಗುವ ವೋಲ್ಟೇಜೂ ಹೆಚ್ಚುತ್ತದೆ. ಹಳೆಯ ಕಾಯಿಲ್ ಅಷ್ಟನ್ನು ಕೊಡಲಾಗದಿದ್ದರೆ ಮಿಸ್ಸಿಂಗ್ ಶುರುವಾಗಿ, ಉರಿಯದ ಪೆಟ್ರೋಲ್ ಸೈಲೆನ್ಸರ್‌ನಿಂದ ಹೊರಹೋಗುತ್ತದೆ.

*'ಹಾಟ್ ಪ್ಲಗ್' ಹಾಕಿದರೆ ಕಿಡಿ ಜೋರಾಗುತ್ತದೆ:* ಹಾಟ್, ಕೋಲ್ಡ್ ಎನ್ನುವುದು ಕಿಡಿಯ ಲೆಕ್ಕವಲ್ಲ. ಪ್ಲಗ್‌ನ ತುದಿ ತನ್ನ ಬಿಸಿಯನ್ನು ಎಷ್ಟು ಬೇಗ ಎಂಜಿನ್ನಿಗೆ ದಾಟಿಸುತ್ತದೆ ಎಂಬ ಲೆಕ್ಕ. ತಪ್ಪು ಪ್ಲಗ್ ಹಾಕಿದರೆ ತುದಿ ಅತಿಯಾಗಿ ಕಾದು ಪಿಸ್ಟನ್ನಿಗೇ ಹಾನಿಯಾಗಬಹುದು.

*ಪಾಯಿಂಟ್‌ಗಳನ್ನು ಎಮರಿ ಪೇಪರ್‌ನಲ್ಲಿ ಉಜ್ಜಿದರೆ ಸಾಕು:* ಆ ಕಾಗದದ ಹರಳುಗಳು ಪಾಯಿಂಟ್‌ನಲ್ಲೇ ಉಳಿದು ವಿದ್ಯುತ್ತಿಗೆ ಅಡ್ಡಿಯಾಗುತ್ತವೆ. ಸಣ್ಣ ಪಾಯಿಂಟ್ ಅರದಿಂದ ಹಗುರವಾಗಿ ಉಜ್ಜಿ, ಸ್ವಚ್ಛವಾದ ದಪ್ಪ ಕಾಗದವನ್ನು ನಡುವೆ ಎಳೆದು ತೆಗೆಯಬೇಕು. ಗುಂಡಿ ಬಿದ್ದಿದ್ದರೆ ಬದಲಿಸುವುದೇ ಸರಿ.

ಏನು ಮಾಡಬೇಕು?

ಕಡಿಮೆ ಖರ್ಚಿನದರಿಂದ ಆರಂಭಿಸಿ. ಮೊದಲು ಬ್ಯಾಟರಿ ಚಾರ್ಜ್ ಇದೆಯೇ, ಅರ್ತಿಂಗ್ ವೈರ್‌ಗಳು ತುಕ್ಕು ಹಿಡಿದಿವೆಯೇ ನೋಡಿ. ನಂತರ ಸರಿಯಾದ ನಂಬರಿನ ಹೊಸ ಪ್ಲಗ್ ಹಾಕಿ.

ಆಮೇಲೆ ಪಾಯಿಂಟ್ ಗ್ಯಾಪ್. ಪೂರ್ತಿ ತೆರೆದಾಗ ಫೀಲರ್ ಗೇಜ್‌ನಿಂದ ಅಳೆಯಬೇಕು. ಈ ಬೈಕುಗಳಲ್ಲಿ ಇದು ಸಾಮಾನ್ಯವಾಗಿ 0.3ರಿಂದ 0.4 ಮಿಲಿಮೀಟರ್, ನಿಮ್ಮ ಮಾದರಿಯ ಕೈಪಿಡಿ ಹೇಳಿದ ಅಳತೆಯೇ ಅಂತಿಮ. ಕ್ಯಾಮ್‌ಗೆ ಉಜ್ಜುವ ಭಾಗ ಸವೆದಂತೆ ಈ ಗ್ಯಾಪ್ ತಾನಾಗಿ ಕಿರಿದಾಗಿ, ಪಾಯಿಂಟ್ ತಡವಾಗಿ ತೆರೆಯುತ್ತದೆ, ಕಿಡಿಯೂ ತಡವಾಗುತ್ತದೆ. ಗಾಡಿ ಎಳೆಯದಿರುವುದಕ್ಕೆ, ಎಂಜಿನ್ ಕಾಯುವುದಕ್ಕೆ ಇದೊಂದೇ ಕಾರಣವಾಗಿರಬಹುದು. ಹಾಗಾಗಿ ಗ್ಯಾಪ್ ಸರಿಪಡಿಸಿದ ಮೇಲೆ ಟೈಮಿಂಗ್ ಕೂಡ ನೋಡಲೇಬೇಕು. ಎಂಜಿನ್ ಓಡುವಾಗ ಪಾಯಿಂಟ್ ನಡುವೆ ದೊಡ್ಡ ನೀಲಿ ಕಿಡಿ ಕಂಡರೆ ಕಂಡೆನ್ಸರ್ ಮೇಲೆ ಅನುಮಾನಪಡಿ. ಕಾಯಿಲ್ ಸರದಿ ಆಮೇಲಿನದು.

ಎಚ್ಚರಿಕೆ

ಕಿಡಿ ಪರೀಕ್ಷಿಸುವಾಗ ಪ್ಲಗ್‌ನ ಲೋಹದ ಭಾಗ ಎಂಜಿನ್ನಿಗೆ ಗಟ್ಟಿಯಾಗಿ ತಾಗಿರಲಿ. ಪ್ಲಗ್ ರಂಧ್ರದಿಂದ, ಚೆಲ್ಲಿದ ಪೆಟ್ರೋಲ್‌ನಿಂದ ದೂರವಿರಲಿ. ಇಲ್ಲವಾದರೆ ಬೆಂಕಿ ಹತ್ತಿಕೊಳ್ಳಬಹುದು. ವೈರನ್ನು ಗಾಳಿಯಲ್ಲಿ ಬಿಟ್ಟು ಕಿಕ್ ಹೊಡೆದರೆ ಕಾಯಿಲ್ ಹಾಳಾಗಬಹುದು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಈ ಕೆಲಸಕ್ಕೆ ಕೈಹಾಕದಿರುವುದು ಒಳ್ಳೆಯದು. ಗಾಡಿ ನಿಂತಿರುವಾಗ ಕೀ ಆನ್‌ನಲ್ಲೇ ಬಿಡಬೇಡಿ. ಪಾಯಿಂಟ್ ಕೂಡಿಕೊಂಡಿದ್ದರೆ ಬ್ಯಾಟರಿ ಖಾಲಿಯಾಗುತ್ತದೆ, ಕಾಯಿಲ್ ಕಾದು ಕೆಡುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ಸ್ಟಾರ್ಟ್ ಆಗದಿದ್ದರೆ ಕಾರ್ಬ್ಯುರೇಟರ್, ಕಂಪ್ರೆಷನ್ ಕಡೆಗೆ ಹೋಗಿ. ಎಂಜಿನ್ ಬಿಚ್ಚಿಸುವ ಅಥವಾ ಗಾಡಿ ಮಾರುವ ತೀರ್ಮಾನ ಅದಾದ ನಂತರ ಇರಲಿ.