ಮುಳ್ಳು ಮಲಗಿದಾಗ

ಹಲಸೂರು ಕೆರೆಯ ದಡದಿಂದ ಶಿವಾಜಿನಗರಕ್ಕೆ ಬಹಳ ದೂರವೇನೂ ಇಲ್ಲ. ಆದರೆ ತಂದೆಯ ಜಾವಾ ಮೋಟಾರು ಸೈಕಲನ್ನೇರಿ ಆ ದಾರಿಯಲ್ಲಿ ಬಂದ ತರುಣನಿಗೆ ತಾನು ಎಷ್ಟು ವೇಗದಲ್ಲಿ ಬಂದೆನೆಂಬುದೇ ತಿಳಿದಿರಲಿಲ್ಲ. ವೇಗಮಾಪಕದ ಮುಳ್ಳು ಕೆಲವು ದಿನ ಚಳಿಜ್ವರ ಬಂದವರಂತೆ ನಡುಗಿ, ಕಡೆಗೆ ಸೊನ್ನೆಯ ಮೇಲೆ ಮಲಗಿಬಿಟ್ಟಿತ್ತು. ಮೊದಲು ಕಂಡ ಅಂಗಡಿಯವರು, ಹೊಸ ಮೀಟರು ಹಾಕಿಸಿಬಿಡಿ ಎಂದಿದ್ದರು. ಹಾಕಿಸಬಹುದಿತ್ತು, ತಂದೆ ಓಡಿಸಿದ ದೂರವೆಲ್ಲ ಹಳೆಯದರಲ್ಲಿ ಅಂಕಿಯಾಗಿ ನಿಂತಿತ್ತೆಂಬುದೊಂದೇ ಅಡ್ಡಿ. ಆ ವಾಹನವನ್ನು ಮಾಡಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ತಯಾರಿಕೆಗೆ ತೊಡಗಿ 1996ರಲ್ಲಿ ಮುಚ್ಚಿತು. ತಂದೆಯೂ ಈಗಿಲ್ಲ.

ಶಿವಾಜಿನಗರದ ಗಲ್ಲಿಯೊಂದರ ವೃದ್ಧ ಮಿಸ್ತ್ರಿ ಮೀಟರನ್ನು ಮುಟ್ಟಲೇ ಇಲ್ಲ.

“ಮುಳ್ಳು ನಿಂತಿದೆ, ಸರಿ ಸಾರ್. ಅಂಕಿ ಓಡುತ್ತದೆಯೋ?”

“ಅದೂ ನಿಂತಿದೆ ಸಾಹೇಬರೇ.”

“ಹಾಗಾದರೆ ಮೀಟರನ್ನು ಈಗಲೇ ಬೈಯಬೇಡಿ.”

ರೋಗನಿದಾನವೆಲ್ಲ ಆ ಒಂದು ಪ್ರಶ್ನೆಯಲ್ಲಿತ್ತು. ಮುಂದಿನ ಚಕ್ರದಿಂದಲೋ ಗೇರುಪೆಟ್ಟಿಗೆಯಿಂದಲೋ ಹೊರಟ ಕೇಬಲ್ಲಿನ ಒಳತಂತಿ ಮೀಟರಿನಲ್ಲಿರುವ ಅಯಸ್ಕಾಂತವನ್ನು ತಿರುಗಿಸುತ್ತದೆ. ಅಯಸ್ಕಾಂತವು ಲೋಹದ ಬಟ್ಟಲೊಂದನ್ನು, ಮುಟ್ಟದೆಯೇ, ತನ್ನೊಡನೆ ಸೆಳೆಯುತ್ತದೆ. ಕೂದಲೆಳೆಯಂಥ ಸ್ಪ್ರಿಂಗು ಅದನ್ನು ಹಿಂದಕ್ಕೆ ಜಗ್ಗುತ್ತದೆ. ಈ ಜಗ್ಗಾಟದಲ್ಲಿ ಬಟ್ಟಲು ಎಲ್ಲಿ ನಿಲ್ಲುವುದೋ ಮುಳ್ಳೂ ಅಲ್ಲಿಯೇ. ಒಟ್ಟೊ ಷುಲ್ಜೆ ಎಂಬಾತ 1902ರಲ್ಲಿ ಪೇಟೆಂಟು ಪಡೆದ ಉಪಾಯವಿದು. ದೂರದ ಅಂಕಿಗಳದು ಬೇರೆ ಸಂಸಾರ. ಅವು ಅದೇ ತಂತಿಯ ಬಲದಿಂದ, ಆದರೆ ಹಲ್ಲುಚಕ್ರಗಳ ಮೂಲಕ ಉರುಳುತ್ತವೆ. ಆದ್ದರಿಂದ ಅಂಕಿ ಓಡಿ ಮುಳ್ಳು ಮಾತ್ರ ನಿಂತರೆ ದೋಷ ಮೀಟರಿನ ಒಳಗೆ. ಎರಡೂ ಒಟ್ಟಿಗೆ ನಿಂತರೆ ಮೊದಲು ಕೇಬಲನ್ನು, ಬಳಿಕ ಅದನ್ನು ತಿರುಗಿಸುವ ಹಲ್ಲುಚಕ್ರವನ್ನು ನೋಡಬೇಕು. ಮುಳ್ಳು ನಡುಗುವುದು ಬಹುಮಟ್ಟಿಗೆ ಒಣಗಿದ ಅಥವಾ ಎಲ್ಲಿಯೋ ತೀರ ಬಾಗಿದ ಕೇಬಲ್ಲಿನ ದೂರು. (ಕೇಬಲ್ಲೇ ಇಲ್ಲದ ಇಂದಿನ ಎಲೆಕ್ಟ್ರಾನಿಕ್ ಮೀಟರುಗಳಿಗೆ ಈ ವೈದ್ಯ ಹಿಡಿಯದು.)

ಮಿಸ್ತ್ರಿ ಮೀಟರಿನ ಬುಡದ ತಿರುಪನ್ನು ಬಿಚ್ಚಿ ಒಳತಂತಿಯನ್ನೆಳೆದರು. ಅರ್ಧವೇ ಕೈಗೆ ಬಂತು. ಆ ತುಂಡಿನ ಚೌಕ ತುದಿಯನ್ನು ಮೀಟರಿಗೆ ಸಿಕ್ಕಿಸಿ ಬೆರಳಿನಲ್ಲಿ ಹೊಸೆದಾಗ ಮುಳ್ಳು ಥಟ್ಟನೆ ಎದ್ದಿತು. ತರುಣನ ಮುಖವೂ ಎದ್ದಿತು.

ಹೊಸ ಕೇಬಲ್ಲಿಗೆ ತೆಳುವಾಗಿ ಗ್ರೀಸು ಸವರಿ, ಮೇಲಿನ ನಾಲ್ಕೈದು ಅಂಗುಲವನ್ನು ಮಾತ್ರ ಅವರು ಒಣದಾಗಿಯೇ ಬಿಟ್ಟರು. ಜಿಡ್ಡು ಮೀಟರಿಗೇರಿದರೆ ಒಳ್ಳೆಯ ಮೀಟರೂ ಕೆಡುತ್ತದೆ. ಕೇಬಲ್ಲು ಎಲ್ಲಿಯೂ ಮುರಿದಂತೆ ಬಾಗದ ಹಾಗೆ ದೊಡ್ಡ ಬಳುಕು ಕೊಟ್ಟು ಕಟ್ಟಿದರು.

ಹಣ ಕೊಡುವಾಗ ತರುಣನಿಗೊಂದು ಯೋಚನೆ ಬಂತು. ಮುಳ್ಳು ಮಲಗಿದ್ದ ದಿನಗಳ ದೂರವನ್ನು ಅಂದಾಜು ಮಾಡಿ ಅಂಕಿಗೆ ಸೇರಿಸಬಹುದೇ?

“ಅಂಕಿಯನ್ನು ಕೈಯಿಂದ ತಿರುಗಿಸುವ ಕೆಲಸ ಈ ಅಂಗಡಿಯಲ್ಲಿಲ್ಲ ಸಾರ್. ಹೆಚ್ಚಿಸುವುದೂ ಇಲ್ಲ, ಇಳಿಸುವುದೂ ಇಲ್ಲ” ಎಂದರು ಮಿಸ್ತ್ರಿ, ಕೈಯೊರೆಸಿಕೊಳ್ಳುತ್ತ.

ತರುಣ ಹಲಸೂರಿನ ಕಡೆಗೆ ಹೊರಟ. ಕೆರೆ ಕಾಣುವ ಹೊತ್ತಿಗೆ ಕೊನೆಯ ಅಂಕಿ ಮೆಲ್ಲನೆ ಹೊರಳಿತು.