ಕಣ್ಣೀರು ಸುಲಭ, ಬೋರಿಂಗ್ ಕೆಲಸ ಕಷ್ಟ

ಗೂಗಲ್‌ನಲ್ಲಿ ‘ಹಂಬೋಲ್ಟ್ ಬ್ರಾಂಕೋಸ್’ ಅಂತ ಹುಡುಕಿ ನೋಡಿ. ಮೊದಲು ಸಿಗೋದು ಬಸ್ ಅಪಘಾತ. ಎರಡನೆಯದೂ ಬಸ್ ಅಪಘಾತ. ಹತ್ತನೆಯದೂ ಅದೇ. ಇದು ಕೆನಡಾದ ಒಂದು ಸಣ್ಣ ಊರಿನ ಜೂನಿಯರ್ ಐಸ್ ಹಾಕಿ ತಂಡ. 1970ರಿಂದ ಆಡುತ್ತಾ ಬಂದಿದೆ, ಎರಡು ಸಲ ರಾಷ್ಟ್ರೀಯ ಚಾಂಪಿಯನ್ ಆಗಿದೆ. ಆದರೆ ಲೋಕದ ಲೆಕ್ಕದಲ್ಲಿ ಈ ತಂಡ ಹುಟ್ಟಿದ್ದೇ 2018ರ ಏಪ್ರಿಲ್ 6ರ ಸಂಜೆ. ಅವತ್ತೇ ಹುಟ್ಟಿ, ಅವತ್ತೇ ಸತ್ತು, ಆಮೇಲೆ ‘ಫೀನಿಕ್ಸ್‌ನಂತೆ ಎದ್ದು ಬಂದ’ ತಂಡ.

ಈ ಥರ ಇತಿಹಾಸ ಬರೆಯೋದರ ಮೇಲೆ ನನಗೊಂದು ದೊಡ್ಡ ತಕರಾರಿದೆ. ಇದು ನೋಡೋಕೆ ಅನುಕಂಪದ ಹಾಗಿದೆ, ಆದರೆ ಒಳಗೆ ಪಕ್ಕಾ ಸೋಮಾರಿತನ. ಒಂದು ತಂಡವನ್ನ ಕಟ್ಟಿದ್ದು ಏನು ಅನ್ನೋದನ್ನೂ ಇದು ಮರೆಸುತ್ತೆ, ಆ ಹುಡುಗರನ್ನ ಕೊಂದಿದ್ದು ಏನು ಅನ್ನೋದನ್ನೂ ಮರೆಸುತ್ತೆ. ನನ್ನ ಪ್ರಕಾರ ಎರಡಕ್ಕೂ ಉತ್ತರ ಒಂದೇ: ಬೋರಿಂಗ್ ಕೆಲಸ. ಅದನ್ನ ಮಾಡಿದ್ದರಿಂದ ತಂಡ ಉಳೀತು. ಅದನ್ನ ಮಾಡಬೇಕಾದವರು ಮಾಡದೇ ಇದ್ದದ್ದರಿಂದ ಹದಿನಾರು ಜನರ ಜೀವ ಹೋಯ್ತು.

ಮೊದಲು ಊರಿನ ಕಡೆ ಬರೋಣ. ಹಂಬೋಲ್ಟ್ ಇರೋದು ಸಸ್ಕ್ಯಾಚುವಾನ್ ಪ್ರಾಂತ್ಯದಲ್ಲಿ, ಸಸ್ಕಟೂನ್ ನಗರದಿಂದ ಪೂರ್ವಕ್ಕೆ ಸುಮಾರು 110 ಕಿಲೋಮೀಟರ್. ಸುತ್ತ ಕಣ್ಣು ಹರಿಯುವಷ್ಟೂ ಬಯಲು, ಗೋಧಿ, ಕನೋಲಾ. 2016ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ ಆರು ಸಾವಿರಕ್ಕೂ ಕಡಿಮೆ. ವೈಟ್‌ಫೀಲ್ಡ್ ಕಡೆಯ ಒಂದೆರಡು ದೊಡ್ಡ ಅಪಾರ್ಟ್‌ಮೆಂಟ್ ಸೇರಿಸಿದರೆ ಅಷ್ಟು ಜನ ಆಗ್ತಾರೆ. ಅಷ್ಟು ಜನ ಸೇರಿ ಒಂದು ಗಣೇಶೋತ್ಸವ ಮುಗಿಸೋಷ್ಟರಲ್ಲಿ ನಮ್ಮಲ್ಲಿ ಎರಡು ವಾಟ್ಸ್ಯಾಪ್ ಗ್ರೂಪ್ ಆಗಿರುತ್ತೆ, ಖಜಾಂಚಿ ರಾಜೀನಾಮೆ ಕೊಟ್ಟಿರ್ತಾನೆ. ಅಷ್ಟೇ ಜನ ಅಲ್ಲಿ ಅರ್ಧ ಶತಮಾನದಿಂದ ಒಂದು ಹಾಕಿ ತಂಡ ನಡೆಸ್ತಿದ್ದಾರೆ. ತಂಡಕ್ಕೆ ಯಾವ ಉದ್ಯಮಿಯೂ ಮಾಲೀಕನಲ್ಲ. ಊರೇ ಮಾಲೀಕ. ಸಮಿತಿಯಲ್ಲಿ ಕೂರೋರು ಸಂಬಳವಿಲ್ಲದ ಊರಿನ ಜನ.

ಜೂನಿಯರ್ ‘ಎ’ ಅಂದರೆ ಹದಿನಾರರಿಂದ ಇಪ್ಪತ್ತು ವರ್ಷದ ಹುಡುಗರ ಆಟ. ಸಂಬಳ ಇಲ್ಲ. ಎಲ್ಲರ ಕಣ್ಣೂ ಅಮೆರಿಕದ ಕಾಲೇಜೊಂದರ ಸ್ಕಾಲರ್‌ಶಿಪ್ ಮೇಲೆ. ಎನ್‌ಎಚ್‌ಎಲ್ ಅನ್ನೋದು ಬಹುಪಾಲು ಹುಡುಗರಿಗೆ ಟಿವಿಯಲ್ಲೇ ಉಳಿಯುತ್ತೆ. ದೂರದ ಊರುಗಳಿಂದ ಬಂದ ಈ ಹುಡುಗರು ಉಳಿಯೋದು ಎಲ್ಲಿ? ಊರಿನವರ ಮನೆಯಲ್ಲಿ. ಅಂಥ ಮನೆಗಳಿಗೆ ‘ಬಿಲೆಟ್’ ಕುಟುಂಬ ಅಂತಾರೆ. ನಮ್ಮ ಅಜ್ಜಂದಿರ ಕಾಲದಲ್ಲಿ ಓದೋಕೆ ಪೇಟೆಗೆ ಬಂದ ಬಡ ಹುಡುಗರು ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಅಂತ ವಾರಾನ್ನ ಉಣ್ತಿದ್ದರಲ್ಲ, ಅದರ ಕೆನಡಾ ಆವೃತ್ತಿ ಇದು. ವ್ಯತ್ಯಾಸ ಇಷ್ಟೇ: ಇಲ್ಲಿ ಏಳು ದಿನವೂ ಒಂದೇ ಮನೆ. ಬೆಳಿಗ್ಗೆ ಎಬ್ಬಿಸೋದು, ಬೆವರು ನಾರುವ ಬಟ್ಟೆ ಒಗೆಯೋದು, ಸೋತು ಬಂದ ರಾತ್ರಿ ತಟ್ಟೆಗೆ ಬಡಿಸಿ ಸುಮ್ಮನೆ ಎದುರು ಕೂರೋದು, ಎಲ್ಲ ಆ ಮನೆಯ ಹೆಂಗಸು ಗಂಡಸರದ್ದೇ ಕೆಲಸ. ಸೀಸನ್ ಮುಗಿದ ಮೇಲೆ ಹುಡುಗ ಹೋಗ್ತಾನೆ, ಮುಂದಿನ ವರ್ಷ ಇನ್ನೊಬ್ಬ ಬರ್ತಾನೆ.

ಈ ಕೆಲಸದ ಮೇಲೆ ಸಿನಿಮಾ ಮಾಡೋಕಾಗಲ್ಲ. ಆದರೆ ಹಂಬೋಲ್ಟ್ ಗೆದ್ದದ್ದು ಇದರ ಮೇಲೇ. 2003ರಲ್ಲಿ ರಾಷ್ಟ್ರೀಯ ಜೂನಿಯರ್ ‘ಎ’ ಪ್ರಶಸ್ತಿಯಾದ ರಾಯಲ್ ಬ್ಯಾಂಕ್ ಕಪ್. 2008ರಲ್ಲಿ ಮತ್ತೆ ಅದೇ ಕಪ್, ಫೈನಲ್‌ನಲ್ಲಿ ಒಂದೇ ಒಂದು ಗೋಲು, 1-0. 2009ರಲ್ಲಿ ಮತ್ತೆ ಫೈನಲ್, ಆ ಸಲ ಸೋಲು. 2012ರಲ್ಲಿ ಇಡೀ ದೇಶದ ಆ ಟೂರ್ನಿಯನ್ನ ಹಂಬೋಲ್ಟ್ ತನ್ನೂರಲ್ಲೇ ನಡೆಸಿತು. ಆರು ಸಾವಿರ ಜನರ ಊರಿಗೆ ಇದು ಮನೆ ಅಂಗಳದಲ್ಲಿ ಇಡೀ ತಾಲ್ಲೂಕಿನ ಮದುವೆ ಮಾಡಿದ ಹಾಗೆ. ಈ ವರ್ಷಗಳಲ್ಲಿ ಒಂದನ್ನಾದರೂ ನೀವು ಕೇಳಿದ್ದಿರಾ? ಇಲ್ಲ ತಾನೆ?

ಈಗ ಆ ಸಂಜೆಗೆ ಬರ್ತೀನಿ. ಪ್ಲೇಆಫ್ ಸರಣಿ ನಡೀತಿತ್ತು. ಬಸ್ಸು ನಿಪವಿನ್ ಅನ್ನೋ ಊರಿಗೆ ಹೊರಟಿತ್ತು. ಈ ಲೀಗ್‌ನಲ್ಲಿ ಬಸ್ಸೇ ಎರಡನೇ ಮನೆ. ಎಸ್ಟೆವಾನ್, ವೇಬರ್ನ್, ಲಾ ರೋಂಜ್ ಅಂತ ಚಳಿಗಾಲವಿಡೀ ನೂರಾರು ಕಿಲೋಮೀಟರ್ ಹೋಗಿ ಬರಬೇಕು. 35 ಮತ್ತು 335ನೇ ಹೆದ್ದಾರಿಗಳು ಕೂಡುವಲ್ಲಿ, ನಿಲ್ಲಬೇಕಿದ್ದ ಒಂದು ಲಾರಿ ನಿಲ್ಲಲಿಲ್ಲ. ಬಸ್ಸಿನಲ್ಲಿದ್ದ 29 ಜನರಲ್ಲಿ 16 ಮಂದಿ ಸತ್ತರು, 13 ಮಂದಿ ಗಾಯಗೊಂಡರು.

ಆ ಹದಿನಾರು ಜನ ಯಾರು ಅಂತ ನೋಡಿ. ಹತ್ತು ಆಟಗಾರರು. ಹೆಡ್ ಕೋಚ್ ಮತ್ತು ಸಹಾಯಕ ಕೋಚ್. ಹುಡುಗರ ಗಾಯ ನೋಡಿಕೊಳ್ಳುತ್ತಿದ್ದ ಅಥ್ಲೆಟಿಕ್ ಥೆರಪಿಸ್ಟ್. ಊರಿನ ರೇಡಿಯೋಗೆ ಕಾಮೆಂಟರಿ ಹೇಳುತ್ತಿದ್ದವರು. ಅಂಕಿಅಂಶ ಬರೆದಿಡುತ್ತಿದ್ದ ಹದಿನೆಂಟರ ಹುಡುಗ. ಬಸ್ ಓಡಿಸುತ್ತಿದ್ದ ಚಾಲಕ. ಆರು ಜನ ಒಂದು ಗೋಲನ್ನೂ ಹೊಡೆದವರಲ್ಲ. ಒಂದು ಸಣ್ಣ ಊರಿನ ತಂಡ ಅಂದರೆ ಯಾರು ಯಾರು ಸೇರಿ ಆಗುತ್ತೆ ಅನ್ನೋದಕ್ಕೆ ಇದಕ್ಕಿಂತ ನಿಖರವಾದ ಪಟ್ಟಿ ಇನ್ನೊಂದಿಲ್ಲ. ಅದನ್ನ ಲೋಕ ಓದಿದ್ದು ಸಾವಿನ ಪಟ್ಟಿಯಾಗಿ ಮಾತ್ರ.

ಆಮೇಲೆ ಆಗಿದ್ದು ಗೊತ್ತೇ ಇದೆ. ಕೆನಡಾದ ಮನೆಮನೆಯ ಬಾಗಿಲಲ್ಲಿ ಹಾಕಿ ಸ್ಟಿಕ್ ನಿಲ್ಲಿಸಿದರು, ದೀಪ ಉರಿಸಿಟ್ಟರು. ಆನ್‌ಲೈನ್ ನಿಧಿಗೆ ಎರಡು ವಾರದೊಳಗೆ ಒಂದೂವರೆ ಕೋಟಿ ಡಾಲರ್‌ಗೂ ಹೆಚ್ಚು ಹಣ ಬಂತು, ಆಗಿನ ಲೆಕ್ಕದಲ್ಲಿ ಎಪ್ಪತ್ತು ಕೋಟಿ ರೂಪಾಯಿಗೂ ಮೇಲೆ. ಆ ಹಣ ಸೇರಬೇಕಾದ ಕುಟುಂಬಗಳಿಗೇ ಸೇರಿತು. ಕೊಟ್ಟವರ ಮನಸ್ಸಿನ ಮೇಲೆ ನನಗೆ ಅನುಮಾನವಿಲ್ಲ. ಆದರೆ ಒಂದು ಪ್ರಶ್ನೆ ಇದೆ: ಸಸ್ಕ್ಯಾಚುವಾನ್‌ನಲ್ಲಿ ಲಾರಿ ಚಾಲಕರ ತರಬೇತಿಗೆ ಒಂದು ನಿಯಮ ಬೇಕು ಅಂತ 2017ರಲ್ಲಿ ಇದರ ನೂರರಲ್ಲಿ ಒಂದು ಪಾಲು ಗದ್ದಲ ಎದ್ದಿದ್ದರೆ?

ಯಾಕೆ ಕೇಳ್ತಿದ್ದೀನಿ ಅಂದರೆ, ಆ ಲಾರಿ ಓಡಿಸುತ್ತಿದ್ದ ಜಸ್ಕಿರತ್ ಸಿಂಗ್ ಸಿಧು ಕೆಲಸಕ್ಕೆ ಸೇರಿ ಮೂರು ವಾರವಷ್ಟೇ ಆಗಿತ್ತು. ಎರಡು ವಾರ ಮಾಲೀಕನ ಜೊತೆ ಓಡಾಟ, ಆಮೇಲೆ ಒಬ್ಬನೇ. ಆತ ಲೈಸೆನ್ಸ್ ಪಡೆದ ಆಲ್ಬರ್ಟಾದಲ್ಲಾಗಲೀ ಅಪಘಾತವಾದ ಸಸ್ಕ್ಯಾಚುವಾನ್‌ನಲ್ಲಾಗಲೀ ಅಷ್ಟು ದೊಡ್ಡ ಲಾರಿ ಓಡಿಸೋಕೆ ಕಡ್ಡಾಯ ತರಬೇತಿಯೇ ಇರಲಿಲ್ಲ. ಪರೀಕ್ಷೆ ಪಾಸಾದರೆ ಆಯ್ತು. ಇಲ್ಲಿ ನಿಮಗೆ ನಮ್ಮ ಆರ್‌ಟಿಒ ಮೈದಾನ ನೆನಪಾದರೆ ತಪ್ಪು ನಿಮ್ಮದಲ್ಲ. ಒಂಟಾರಿಯೋ ಪ್ರಾಂತ್ಯ 2017ರಲ್ಲೇ ತರಬೇತಿ ಕಡ್ಡಾಯ ಮಾಡಿತ್ತು. ಅಂದರೆ ಮಾಡೋದು ಹೇಗೆ ಅಂತ ದೇಶಕ್ಕೆ ಗೊತ್ತಿತ್ತು. ಈ ಎರಡು ಪ್ರಾಂತ್ಯಗಳು ಮಾಡಿದ್ದು 2019ರ ಮಾರ್ಚ್‌ನಲ್ಲಿ, ಹದಿನಾರು ಅಂತ್ಯಕ್ರಿಯೆಗಳ ನಂತರ. ಅದೇ ಕೂಡುರಸ್ತೆಯಲ್ಲಿ 1997ರಲ್ಲೂ ಒಂದೇ ಕುಟುಂಬದ ಆರು ಜನ ಸತ್ತಿದ್ದರು.

ಇಲ್ಲಿ ನಮ್ಮ ಕಡೆಯವರ ಎರಡು ವಾದ ಬರುತ್ತೆ. ಕೆನಡಾದಲ್ಲಿರೋ ಸ್ನೇಹಿತರ ಗ್ರೂಪ್‌ಗಳಲ್ಲಿ ಎರಡನ್ನೂ ಕೇಳಿದ್ದೀನಿ. ಒಂದು: ‘ಪಾಪ ನಮ್ಮ ಹುಡುಗ, ಬಿಳಿಯರು ಬಲಿ ಕೊಟ್ಟರು.’ ಎರಡು: ‘ಇಂಥವರಿಂದಲೇ ನಮ್ಮ ಹೆಸರು ಕೆಡೋದು, ವಾಪಸ್ ಕಳಿಸಲಿ.’ ಎರಡೂ ನನಗೆ ಒಪ್ಪಿಗೆ ಇಲ್ಲ. ಆತ ನಾಲ್ಕು ಎಚ್ಚರಿಕೆ ಫಲಕಗಳನ್ನ, ಮಿನುಗುವ ದೀಪವಿದ್ದ ದೊಡ್ಡ ಸ್ಟಾಪ್ ಫಲಕವನ್ನ ದಾಟಿ ಬಂದಿದ್ದ. ಹಿಂದೆ ಪಟಪಟ ಹೊಡ್ಕೊಳ್ತಿದ್ದ ಟಾರ್ಪಾಲಿನ ಕಡೆ ಗಮನ ಹೋಗಿತ್ತು. ಅದು ಅಪರಾಧವೇ. ಅದನ್ನ ಆತನೇ ಮೊದಲು ಒಪ್ಪಿಕೊಂಡ: ವಿಚಾರಣೆಗೆ ಎಳೆಯದೆ 29 ಆರೋಪಕ್ಕೂ ತಪ್ಪೊಪ್ಪಿಗೆ ಕೊಟ್ಟ, ಎಂಟು ವರ್ಷ ಶಿಕ್ಷೆ ತೆಗೆದುಕೊಂಡ. 2024ರಲ್ಲಿ ಗಡೀಪಾರು ಆದೇಶವೂ ಬಂತು. ಸತ್ತವರ ಮನೆಯವರಲ್ಲೇ ಕ್ಷಮಿಸಿದವರಿದ್ದಾರೆ, ಕ್ಷಮಿಸಲ್ಲ ಅಂದವರೂ ಇದ್ದಾರೆ. ಇಬ್ಬರಿಗೂ ಹಕ್ಕಿದೆ. ಹೊರಗೆ ನಿಂತ ನಮಗೆ ಕ್ಷಮಿಸೋ ಹಕ್ಕೂ ಇಲ್ಲ, ಕಲ್ಲು ಹೊಡೆಯೋ ಹಕ್ಕೂ ಇಲ್ಲ.

ನಮಗಿರೋದು ಲೆಕ್ಕ ಕೇಳೋ ಹಕ್ಕು. ಅನುಭವವಿಲ್ಲದವನನ್ನ ಒಬ್ಬನೇ ರಸ್ತೆಗೆ ಬಿಟ್ಟ ಮಾಲೀಕನಿಗೆ, ದಾಖಲೆ ಪುಸ್ತಕದ ನಿಯಮ ಮುರಿದಿದ್ದಕ್ಕೆ ಬಿದ್ದ ದಂಡ 5,000 ಡಾಲರ್. ತರಬೇತಿ ನಿಯಮ ಮಾಡದೇ ಕೂತ ಸರ್ಕಾರಗಳಿಗೆ? ಏನೂ ಇಲ್ಲ. ಇಡೀ ಕತೆಗೆ ಒಬ್ಬನೇ ವಿಲನ್ ಸಾಕು ಅಂತ ತೀರ್ಮಾನಿಸಿದ ಕೂಡಲೇ ಮಿಕ್ಕವರೆಲ್ಲ ಪ್ರೇಕ್ಷಕರ ಸಾಲಿನಲ್ಲಿ ಕೂತು ಕಣ್ಣೊರೆಸಿಕೊಳ್ಳಬಹುದು. ಕಣ್ಣೀರಿನ ಇತಿಹಾಸದ ಉಪಯೋಗ ಇದೇ.

ಅನುಮಾನವಿದ್ದರೆ ಅದೇ ಪ್ರಾಂತ್ಯದ ಇನ್ನೊಂದು ಬಸ್ಸಿನ ಕತೆ ಕೇಳಿ. 1986ರ ಡಿಸೆಂಬರ್ 30ರಂದು ಸ್ವಿಫ್ಟ್ ಕರೆಂಟ್ ಅನ್ನೋ ಊರಿನ ಜೂನಿಯರ್ ತಂಡದ ಬಸ್ಸು ಮಂಜುಗಟ್ಟಿದ ರಸ್ತೆಯಲ್ಲಿ ಉರುಳಿ ನಾಲ್ವರು ಆಟಗಾರರು ಸತ್ತರು. ಕಾಕತಾಳೀಯ ನೋಡಿ, ಆ ತಂಡದ ಹೆಸರೂ ಬ್ರಾಂಕೋಸ್. ಎರಡೂವರೆ ವರ್ಷದಲ್ಲಿ, 1989ರಲ್ಲಿ, ಅವರು ಮೆಮೋರಿಯಲ್ ಕಪ್ ಗೆದ್ದರು. ಎಂಥ ಕತೆ! ದುಃಖ ನುಂಗಿ ಗೆದ್ದ ಹುಡುಗರು, ಅವರನ್ನ ನಡೆಸಿದ ಧೀರ ಕೋಚ್. ಆ ಕೋಚ್ ಹೆಸರು ಗ್ರಹಾಂ ಜೇಮ್ಸ್. ಆತ ತನ್ನ ಆಟಗಾರರ ಮೇಲೆ ಲೈಂಗಿಕ ದೌರ್ಜನ್ಯ ಮಾಡುತ್ತಿದ್ದ ಅನ್ನೋದು ನ್ಯಾಯಾಲಯದಲ್ಲಿ ಸಾಬೀತಾಗಿ ಶಿಕ್ಷೆಯಾಗಿದ್ದು 1997ರಲ್ಲಿ. ಬಾಯಿಬಿಟ್ಟವರಲ್ಲಿ ಪ್ರಮುಖರು, ಅದೇ ಬಸ್ಸಿನಲ್ಲಿ ಬದುಕುಳಿದಿದ್ದ ಶೆಲ್ಡನ್ ಕೆನಡಿ. ಧೈರ್ಯದ ಕತೆ ಅಷ್ಟು ಚೆನ್ನಾಗಿದ್ದಾಗ ಡ್ರೆಸಿಂಗ್ ರೂಮಿನ ಬಾಗಿಲು ತೆಗೆದು ‘ಇಲ್ಲಿ ಎಲ್ಲ ಸರಿ ಇದೆಯಾ’ ಅಂತ ಕೇಳೋಕೆ ಯಾರಿಗೆ ಮನಸ್ಸು ಬರುತ್ತೆ?

2018ರಲ್ಲಿ ಕೆನಡಿ ಮತ್ತು ಆ ಹಳೇ ಬಸ್ಸಿನ ಇನ್ನೂ ಕೆಲವರು ಹಂಬೋಲ್ಟ್‌ಗೆ ಹೋಗಿ ಬದುಕುಳಿದವರ ಜೊತೆ ಕೂತರು. ಇನ್ನೊಂದು ವಿವರ: ದೊಡ್ಡ ಬಸ್ಸುಗಳಲ್ಲಿ, ಅದೂ ಹೊಸದಾಗಿ ತಯಾರಾಗುವ ಬಸ್ಸುಗಳಲ್ಲಿ ಮಾತ್ರ, ಸೀಟ್ ಬೆಲ್ಟ್ ಕಡ್ಡಾಯ ಅನ್ನೋ ನಿಯಮ ಕೆನಡಾದಲ್ಲಿ ಜಾರಿಗೆ ಬಂದದ್ದು 2020ರ ಸೆಪ್ಟೆಂಬರ್‌ನಲ್ಲಿ. ಸ್ವಿಫ್ಟ್ ಕರೆಂಟ್ ಬಸ್ಸು ಉರುಳಿ ಆಗಲೇ ಮೂವತ್ಮೂರು ವರ್ಷ ದಾಟಿತ್ತು.

‘ಅಪಘಾತ ಆಗದಿದ್ದರೆ ನೀನೂ ಈ ತಂಡದ ಬಗ್ಗೆ ಬರೀತಿರಲಿಲ್ಲ’ ಅಂತ ಯಾರಾದರೂ ಹೇಳ್ತೀರಿ. ನಿಜ. ಬೆಂಗಳೂರಿನಲ್ಲಿ ಕೂತವನಿಗೆ ಸಸ್ಕ್ಯಾಚುವಾನ್‌ನ ಲೀಗ್ ಪಟ್ಟಿ ಗೊತ್ತಿರಬೇಕಾಗಿಲ್ಲ. ಆದರೆ ಗೊತ್ತಾದ ಮೇಲೆ ಏನು ನೆನಪಿಟ್ಟುಕೊಳ್ಳಬೇಕು ಅನ್ನೋದು ನಮ್ಮ ಕೈಲಿದೆ. ಆ ಬಸ್ಸಿನಲ್ಲಿದ್ದ ಲೋಗನ್ ಬುಲೆ ಅನ್ನೋ ಆಟಗಾರ ಕೆಲವೇ ವಾರಗಳ ಹಿಂದೆ, 21 ತುಂಬಿದಾಗ, ಅಂಗದಾನಕ್ಕೆ ಹೆಸರು ನೋಂದಾಯಿಸಿದ್ದ. ಅವನ ಅಂಗಗಳು ಆರು ಜನಕ್ಕೆ ಹೋದವು. ಅದನ್ನ ಕೇಳಿ ಕೆನಡಾದಲ್ಲಿ ಲಕ್ಷಕ್ಕೂ ಹೆಚ್ಚು ಜನ ತಮ್ಮ ಹೆಸರು ಬರೆಸಿದರು. ಈಗ ಪ್ರತಿ ಏಪ್ರಿಲ್ 7ರಂದು ಹಸಿರು ಅಂಗಿ ತೊಟ್ಟು ಅದನ್ನ ನೆನೀತಾರೆ. ಫಾರ್ಮ್ ತುಂಬೋದು ಎಷ್ಟು ಬೋರಿಂಗ್ ಕೆಲಸ ಯೋಚಿಸಿ. ಆರು ಜೀವ ಉಳಿಸಿದ್ದು ಅದೇ. ಅಂಗಿ ತೊಟ್ಟು ಸೆಲ್ಫಿ ಹಾಕಿ ಫಾರ್ಮ್ ತುಂಬದವರಿಂದ ಆ ಸಾಲಿನಲ್ಲಿ ಕಾಯುತ್ತಿರುವ ಯಾರಿಗೂ ಏನೂ ಆಗಲ್ಲ.

ಇನ್ನು ತಂಡ. 2018ರ ಸೆಪ್ಟೆಂಬರ್ 12ರಂದು, ಅಪಘಾತವಾಗಿ ಆರು ತಿಂಗಳೂ ತುಂಬಿರಲಿಲ್ಲ, ಹಂಬೋಲ್ಟ್ ತನ್ನ ರಿಂಕ್‌ಗೆ ಇಳಿಯಿತು. ಎದುರಾಳಿ ಅವತ್ತು ಆಡಬೇಕಿದ್ದ ನಿಪವಿನ್ ತಂಡವೇ. ಬದುಕುಳಿದ ಆಟಗಾರರಲ್ಲಿ ಇಬ್ಬರು ಮತ್ತೆ ಸ್ಕೇಟ್ ಕಟ್ಟಿದ್ದರು. ದೇಶದ ಕ್ಯಾಮೆರಾಗಳೆಲ್ಲ ಅಲ್ಲಿದ್ದವು. ಸಿನಿಮಾ ಆಗಿದ್ದರೆ ಕೊನೇ ಸೆಕೆಂಡಿನಲ್ಲಿ ಗೋಲು ಬೀಳಬೇಕಿತ್ತು. ಬೀಳಲಿಲ್ಲ. ಹಂಬೋಲ್ಟ್ 2-1ರಿಂದ ಸೋತಿತು.

ನನಗೆ ಆ ಸೋಲಿನ ಮೇಲೆ ತುಂಬಾ ಗೌರವ. ಕ್ಯಾಮೆರಾಗಳು ಹೊರಟ ಮೇಲೂ ಆ ಸೀಸನ್‌ನ ಮಿಕ್ಕ ಪಂದ್ಯಗಳು ಬಾಕಿ ಇದ್ದವು. ಹುಡುಗರಿಗೆ ಮನೆ ಬೇಕಿತ್ತು, ಊಟ ಬೇಕಿತ್ತು, ಮುಂದಿನ ಊರಿಗೆ ಬಸ್ಸು ಬೇಕಿತ್ತು. ಆ ಬಸ್ಸು ಹತ್ತೋಕೆ ಹುಡುಗರನ್ನ ಕಳಿಸಿದ ಅಪ್ಪ ಅಮ್ಮಂದಿರು ಇದ್ದರು, ಅದನ್ನ ಓಡಿಸೋಕೆ ಒಬ್ಬ ಚಾಲಕ ಇದ್ದ, ರಿಂಕ್ ಬಾಗಿಲಲ್ಲಿ ಟಿಕೆಟ್ ಹರಿಯೋಕೆ ಯಾರೋ ಒಬ್ಬರು ನಿಂತಿದ್ದರು. ಹಂಬೋಲ್ಟ್ ಬ್ರಾಂಕೋಸ್‌ನ ಇತಿಹಾಸ ಬರೆಯೋರು ಶುರು ಮಾಡಬೇಕಾದ್ದು ಅವರಿಂದ. ಅಪಘಾತಕ್ಕೆ ಅದರಲ್ಲಿ ಒಂದು ಅಧ್ಯಾಯ ಸಾಕು. ಆ ಅಧ್ಯಾಯದಲ್ಲಿ ಕಣ್ಣೀರು ಸ್ವಲ್ಪ ಕಮ್ಮಿ ಇರಲಿ, ಲೈಸೆನ್ಸ್ ನಿಯಮ ಯಾಕೆ ತಡವಾಯ್ತು ಅನ್ನೋದು ಪೂರ್ತಿ ಇರಲಿ.