ಮುರಿದ ಮೂಳೆಗೊಂದು ಮಾನದಂಡ

ಜ್ವರದ ಕಾವನ್ನು ಅಳೆಯಲು ಉಷ್ಣಮಾಪಕವುಂಟು; ರಕ್ತದ ಒತ್ತಡಕ್ಕೂ, ರಕ್ತದಲ್ಲಿನ ಸಕ್ಕರೆಗೂ ಅಂಕೆಗಳುಂಟು. ಆದರೆ ಮನೆಯವರೊಬ್ಬರು ಬಿದ್ದು ಕಾಲು ಮುರಿದುಕೊಂಡಾಗ, “ಪೆಟ್ಟು ಎಷ್ಟಾಗಿದೆ, ಡಾಕ್ಟರೇ?” ಎಂದು ಕೇಳಿದರೆ ದೊರೆಯುವ ಉತ್ತರ ಅಂಕೆಯಲ್ಲ, ಮಾತು: “ಸ್ವಲ್ಪ ಹೆಚ್ಚೇ ಆಗಿದೆ.” ಈ ‘ಹೆಚ್ಚು’ ಎಂಬುದರ ಅಳತೆ ಯಾವುದು? ಒಬ್ಬ ವೈದ್ಯರಿಗೆ ಹೆಚ್ಚೆನಿಸಿದ್ದು ಇನ್ನೊಬ್ಬರಿಗೂ ಹಾಗೆಯೇ ಕಾಣುವುದೆ?

೧೮೯೫ರ ನವೆಂಬರಿನಲ್ಲಿ ಜರ್ಮನಿಯ ರಾಂಟ್ಗೆನ್ ಕ್ಷ-ಕಿರಣಗಳನ್ನು ಕಂಡುಹಿಡಿದಾಗಲೇ ಈ ಪ್ರಶ್ನೆ ಇತ್ಯರ್ಥವಾಗಬೇಕಿತ್ತು. ಅದುವರೆಗೆ ಬೆರಳಿನಿಂದ ಒತ್ತಿ, ನೋವಿನ ಜಾಡು ಹಿಡಿದು ಊಹಿಸುತ್ತಿದ್ದ ಮುರಿತವು ಕಣ್ಣಿಗೇ ಗೋಚರವಾಯಿತು. ಆದರೆ ಕಾಣುವುದು ಬೇರೆ, ಅಳೆಯುವುದು ಬೇರೆ. ಅಳೆಯುವ ದಾರಿ ಕಾಣದೆ ವೈದ್ಯರು ಮುರಿತಗಳನ್ನು ದರ್ಜೆಗಳಾಗಿ ವಿಂಗಡಿಸಿದರು.

ವೃದ್ಧರು ಬಚ್ಚಲಲ್ಲಿ ಜಾರಿ ಬಿದ್ದಾಗ ಹಲವು ವೇಳೆ ಮುರಿಯುವುದು ತೊಡೆಯ ಮೂಳೆಯ ಕತ್ತು. ಇದಕ್ಕೆ ಇಂಗ್ಲೆಂಡಿನ ಶಸ್ತ್ರವೈದ್ಯ ಗಾರ್ಡನ್ ೧೯೬೧ರಲ್ಲಿ ನಾಲ್ಕು ದರ್ಜೆಗಳನ್ನು ಸೂಚಿಸಿದನು. ಮೂಳೆ ಸ್ಥಾನ ಬಿಟ್ಟು ಕದಲದ ಮೊದಲೆರಡು ದರ್ಜೆಗಳಲ್ಲಿ ಸಾಮಾನ್ಯವಾಗಿ ತಿರುಪು ಮೊಳೆ ಹಾಕಿ ಕೂಡಿಸಬಹುದು. ಕದಲಿದ ಉಳಿದೆರಡರಲ್ಲಿ ಮೂಳೆಯ ತಲೆಗೆ ರಕ್ತ ತಪ್ಪುವ ಭಯವಿರುವುದರಿಂದ, ವೃದ್ಧರಿಗೆ ಕೃತಕ ಕೀಲನ್ನೇ ಇಡುವುದು ವಾಡಿಕೆ. ದರ್ಜೆ ತಪ್ಪಿದರೆ ಚಿಕಿತ್ಸೆಯೇ ತಪ್ಪೀತು. ಹೀಗಿರಲು, ಡೆನ್ಮಾರ್ಕಿನ ವೈದ್ಯರು ೧೯೮೮ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ ಇಂಥ ೧೦೦ ಮುರಿತಗಳ ಚಿತ್ರಗಳನ್ನು ಎಂಟು ಮಂದಿ ನೋಡಿ ದರ್ಜೆ ಹೇಳಿದರು. ಎಂಟು ಮಂದಿಯೂ ಒಮ್ಮತಕ್ಕೆ ಬಂದದ್ದು ಕೇವಲ ೨೨ರಲ್ಲಿ!

ಇದು ವೈದ್ಯರ ಅಜಾಗರೂಕತೆಯಲ್ಲ. ಕ್ಷ-ಕಿರಣದ ಚಿತ್ರವೆಂದರೆ ಗಾತ್ರವುಳ್ಳ ವಸ್ತುವಿನ ಚಪ್ಪಟೆ ನೆರಳು. ಅದರಲ್ಲಿ ಒಂದು ಚೂರಿನ ಹಿಂದೆ ಇನ್ನೊಂದು ಅಡಗಿ ಕುಳಿತಿರುತ್ತದೆ.

ಈ ಅಡಚಣೆಯನ್ನು ನಿವಾರಿಸಿದ್ದು ಸಿ.ಟಿ. ಸ್ಕ್ಯಾನ್. ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ರೂಪಿಸಿದ ಈ ಯಂತ್ರದಿಂದ ೧೯೭೧ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ಮಿದುಳಿನ ಚಿತ್ರವನ್ನು ತೆಗೆಯಲಾಯಿತು. ಸೌತೆಕಾಯಿಯನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದು ನೋಡಿದಂತೆ, ದೇಹಕ್ಕೆ ಕತ್ತಿ ಸೋಕಿಸದೆಯೇ ಅದರ ಅಡ್ಡಛೇದಗಳನ್ನು ಇದು ತೋರಿಸುತ್ತದೆ. ಅಷ್ಟೇ ಅಲ್ಲ, ಪ್ರತಿ ಬಿಂದುವಿನ ಸಾಂದ್ರತೆಗೂ ಒಂದು ಅಂಕೆ ಕೊಡುತ್ತದೆ: ನೀರಿಗೆ ಸೊನ್ನೆ, ಗಾಳಿಗೆ ಸೊನ್ನೆಗಿಂತ ೧೦೦೦ ಕಡಮೆ, ಗಟ್ಟಿ ಮೂಳೆಗೆ ಸೊನ್ನೆಗಿಂತ ಎಷ್ಟೋ ನೂರು ಹೆಚ್ಚು.

ಅಂಕೆಗಳೇನೋ ದೊರೆತವು, ಅವುಗಳಿಂದ ಪೆಟ್ಟಿನ ಬಲವನ್ನು ತಿಳಿಯುವುದು ಹೇಗೆ? ಇದಕ್ಕೆ ಉತ್ತರ ದೊರೆತದ್ದು ಗಾಜಿನಿಂದ. ವಸ್ತು ಬಿರಿಯುವಾಗ ಹೊಸ ಮೈ ತೆರೆದುಕೊಳ್ಳುತ್ತದೆ. ಹಾಗೆ ತೆರೆಯಲು ಶಕ್ತಿ ವ್ಯಯವಾಗುತ್ತದೆ ಎಂಬ ತತ್ತ್ವವನ್ನು ಇಂಗ್ಲೆಂಡಿನ ಗ್ರಿಫಿತ್ ೧೯೨೧ರಲ್ಲಿ ಮಂಡಿಸಿದನು. ನಮ್ಮವರಿಗೆ ಇದು ಹೊಸದಲ್ಲ. ಮೆಲ್ಲನೆ ತಟ್ಟಿ ಒಡೆದ ತೆಂಗಿನಕಾಯಿ ಎರಡೇ ಹೋಳಾಗುತ್ತದೆ. ದೇವಸ್ಥಾನದ ಮುಂದೆ ಬೀಸಿ ಹೊಡೆದ ಈಡುಗಾಯಿ ನೂರು ಚೂರಾಗಿ ಚಿಮ್ಮುತ್ತದೆ. ಚೂರುಗಳ ಒಡೆದ ಅಂಚುಗಳನ್ನೆಲ್ಲ ಅಳೆದು ಕೂಡಿಸಿದರೆ, ಹೊಡೆದವನ ತೋಳಿನ ಬಲವನ್ನು ಅಂದಾಜು ಮಾಡಬಹುದಲ್ಲವೆ?

ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದ ಸಂಶೋಧಕರು ಮಾಡಿದ್ದು ಇದನ್ನೇ. ಅವರು ಆಯ್ದುಕೊಂಡದ್ದು ಮೊಣಕಾಲಿನ ಕೆಳಗಿನ ದಪ್ಪ ಮೂಳೆಯು ಪಾದದ ಕೀಲನ್ನು ಕೂಡುವ ತುದಿ. ಎತ್ತರದಿಂದ ಬಿದ್ದಾಗ, ವಾಹನಗಳು ಡಿಕ್ಕಿ ಹೊಡೆದಾಗ ಈ ಭಾಗ ನುಚ್ಚಾಗುವುದುಂಟು. ಗಣಕಯಂತ್ರವು ಸಿ.ಟಿ. ಚಿತ್ರದಲ್ಲಿ ಚೂರುಗಳನ್ನು ಬೇರೆ ಬೇರೆಯಾಗಿ ಗುರುತಿಸಿ, ಹೊಸದಾಗಿ ತೆರೆದ ಮೈಯ ವಿಸ್ತಾರವನ್ನು ಲೆಕ್ಕ ಹಾಕುತ್ತದೆ. ಗಟ್ಟಿ ಮೂಳೆಯನ್ನು ಒಡೆಯಲು ಹೆಚ್ಚು ಶಕ್ತಿ ಬೇಕಾದುದರಿಂದ ಸಾಂದ್ರತೆಯನ್ನೂ ಲೆಕ್ಕಕ್ಕೆ ಸೇರಿಸುತ್ತದೆ. ಕೊನೆಗೆ ದೊರೆಯುವುದು ‘ಜೌಲ್’ ಎಂಬ ಮಾನದಲ್ಲಿ ಒಂದು ಅಂಕೆ. ಒಂದು ಕಿಲೋಗ್ರಾಂ ತೂಕ ಹತ್ತು ಸೆಂಟಿಮೀಟರು ಎತ್ತರದಿಂದ ಬಿದ್ದರೆ ದೊರೆಯುವ ಶಕ್ತಿ ಹೆಚ್ಚು ಕಡಮೆ ಒಂದು ಜೌಲ್.

ಇಂಥ ೨೦ ಮುರಿತಗಳನ್ನು ಅವರು ಅಳೆದರು. ಅನುಭವಿಗಳಾದ ಶಸ್ತ್ರವೈದ್ಯರು ಕಣ್ಣಳತೆಯಿಂದ ಜೋಡಿಸಿದ ತೀವ್ರತೆಯ ಕ್ರಮಕ್ಕೂ ಯಂತ್ರದ ಅಂಕೆಗಳಿಗೂ ಹೊಂದಾಣಿಕೆಯಿದೆಯೆಂದು ೨೦೦೮ರ ವರದಿ ತಿಳಿಸಿತು. ೨೦೧೦ರ ವರದಿ ಇನ್ನೂ ಮುಖ್ಯವಾದುದು: ಮುರಿತದ ಶಕ್ತಿಯನ್ನೂ ಕೀಲಿನ ಮೈ ಎಷ್ಟು ಚೂರಾಗಿದೆ ಎಂಬುದನ್ನೂ ಕೂಡಿಸಿದ ಅಳತೆಗೂ, ಎರಡು ವರ್ಷಗಳ ಅನಂತರ ಆ ಕೀಲುಗಳಲ್ಲಿ ಕಂಡ ಸವೆತಕ್ಕೂ ನಿಕಟ ಸಂಬಂಧವಿತ್ತು.

ಇದರ ಬೆಲೆ ರೋಗಿಗೆ ಗೊತ್ತು. ಮೂಳೆ ಕೂಡಿದ ಮಾತ್ರಕ್ಕೆ ಕಥೆ ಮುಗಿಯುವುದಿಲ್ಲ. ಪೆಟ್ಟು ತಿಂದ ಕೀಲು ಕೆಲವರಲ್ಲಿ ಮೆಲ್ಲಮೆಲ್ಲನೆ ಸವೆದು ನಡಿಗೆಯನ್ನೇ ಕಸಿಯುತ್ತದೆ. ಮುಂದೇನಾದೀತೆಂಬುದು ಮೊದಲೇ ತಿಳಿದರೆ ದುಡಿಯುವ ಸಂಸಾರಿಯು ತನ್ನ ಉದ್ಯೋಗದ, ಮನೆಯ ಏರ್ಪಾಡನ್ನು ಯೋಚಿಸಿ ಮಾಡಿಕೊಳ್ಳಬಲ್ಲನು. ಚಿಕಿತ್ಸೆಗಳನ್ನು ಹೋಲಿಸುವಾಗಲೂ ಅಳತೆ ಬೇಕು. ಲಘು ಪೆಟ್ಟಿನವರು ಬೇಗ ಗುಣವಾದರೆ ಅದು ಚಿಕಿತ್ಸೆಯ ಹೆಗ್ಗಳಿಕೆಯೆ, ಪೆಟ್ಟಿನ ಸೌಮ್ಯತೆಯೆ?

ಹಾಗೆಂದು ಅಂಕೆಯೇ ಸರ್ವಸ್ವವಲ್ಲ. ಚರ್ಮ ಹರಿದಿದೆಯೆ, ರಕ್ತನಾಳ ಉಳಿದಿದೆಯೆ, ರೋಗಿಗೆ ಸಕ್ಕರೆ ಕಾಯಿಲೆಯುಂಟೆ, ಧೂಮಪಾನದ ಚಟವುಂಟೆ ಎಂಬುದನ್ನು ಜೌಲ್ ಹೇಳಲಾರದು. ಇಂದಿಗೂ ಈ ಮಾಪನ ಬಹುಮಟ್ಟಿಗೆ ಸಂಶೋಧಕರ ಕೈಯಲ್ಲೇ ಇದೆ. ಆದರೂ ಉಷ್ಣಮಾಪಕ ಬಂದ ಮೇಲೆ ವೈದ್ಯರು ರೋಗಿಯ ಹಣೆ ಮುಟ್ಟುವುದನ್ನು ಬಿಡಲಿಲ್ಲ. ಕೈಗೆ ಹತ್ತಿದ ಕಾವು ಎಷ್ಟೆಂಬುದನ್ನು ಇನ್ನೊಬ್ಬರಿಗೆ ಖಚಿತವಾಗಿ ಹೇಳುವಂತಾಯಿತು. ಮುರಿದ ಮೂಳೆಗೂ ಬೇಕಾದುದು ಅಷ್ಟೇ.